ಅಧ್ಯಕ್ಷರ ಅಪ್ಪಣೆ ಮೇರೆಗೆ

ನಮ್ಮ ಸಂಘ-ಸಂಸ್ಥೆಗಳ ಕಾರ್ಯಕಾರಿ ಸಮಿತಿಯ ಸಭಾ ಸೂಚನಾಪತ್ರ ನೋಡಿದ್ದೀರಾ? ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಜಮಾ-ಖರ್ಚಿಗೆ ಮಂಜೂರಾತಿ, ಬಂದ ಪತ್ರಗಳು, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ವರ್ಷಗಳು ಉರುಳುತ್ತವೆ, ಅಧ್ಯಕ್ಷರೂ ಬದಲಾಗುತ್ತಾರೆ (ಎಂದುಕೊಳ್ಳೋಣ), ಪಟ್ಟಿ ಮಾತ್ರ ಕದಲುವುದಿಲ್ಲ. ಕಾರ್ಯದರ್ಶಿಗಳು ತಾರೀಕನ್ನಷ್ಟೇ ತಿದ್ದಿ ವಾಟ್ಸಾಪಿಗೆ ಹಾಕುತ್ತಾರೆ. ನಾಲ್ಕು ಹೆಬ್ಬೆರಳು, ಎರಡು ಕೈಮುಗಿತ, ಒಂದು ‘ಶುಭೋದಯ’. ಅಲ್ಲಿಗೆ ಕಾರ್ಯಸೂಚಿಯನ್ನು ಎಲ್ಲರೂ ಓದಿದಂತಾಯಿತು.

ಕೋರಂ ಆಗಲಿಲ್ಲವೆಂದು ಯಾರೂ ಚಿಂತಿಸುವುದಿಲ್ಲ. ಸದಸ್ಯರು ಹಾಜರಿ ಪುಸ್ತಕದ ಹತ್ತಿರ ಬಾರದಿದ್ದರೆ ಪುಸ್ತಕವೇ ಸ್ಕೂಟರ್ ಹತ್ತಿ ಅವರ ಮನೆಗೆ ಹೋಗುತ್ತದೆ.

ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಮಹಾಶಯ 1957ರಲ್ಲೇ ಒಂದು ಸಮಿತಿಯ ಕಥೆ ಕಟ್ಟಿದ್ದ. ಅಲ್ಲಿ ಕೋಟಿ ಬಾಳುವ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಸಿಗುತ್ತದೆ. ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ, ಕಾಫಿ ಖರ್ಚಿಗೆ ಒಂದೂಕಾಲು ಗಂಟೆ ಚರ್ಚೆ. ಪಾಪ, ಆತ ನಮ್ಮ ಸಮಾರಂಭಗಳ ಆಹ್ವಾನಪತ್ರಿಕೆಯನ್ನು ಕಂಡವನಲ್ಲ.

ಆದಾಯ ತೆರಿಗೆ ವಿನಾಯಿತಿಯ ನೋಂದಣಿಯನ್ನೇ ತೆಗೆದುಕೊಳ್ಳಿ. ಈಗದು ಒಮ್ಮೆ ಮಾಡಿಸಿ ಮರೆಯುವ ಬಾಬತ್ತಲ್ಲ. ನಿಗದಿತ ಅವಧಿಗೊಮ್ಮೆ ನವೀಕರಿಸಬೇಕು, ಅವಧಿ ಮುಗಿಯಲು 6 ತಿಂಗಳಿರುವಾಗಲೇ ಅರ್ಜಿ ಹಾಕಬೇಕು. ತಪ್ಪಿದರೆ ತೆರಿಗೆ ವಿನಾಯಿತಿಗೇ ಕುತ್ತು. ಸಭೆಯಲ್ಲಿ ಇದು ಹೇಗೆ ಮುಗಿಯುತ್ತದೆ? ‘ಆಡಿಟರ್ ನೋಡ್ಕೋತಾರೆ ಬಿಡಿ.’ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷವರ್ಷ ರಿಜಿಸ್ಟ್ರಾರರಿಗೆ ಕೊಡಬೇಕಾದ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ? ಅದನ್ನೂ ಅವರೇ ನೋಡ್ಕೋತಾರೆ.

ಆಮೇಲೆ ಆಹ್ವಾನಪತ್ರಿಕೆಯ ಕರಡು ಮೇಜಿಗೆ ಬರುತ್ತದೆ. ಈಗ ಎಲ್ಲರ ಕನ್ನಡಕವೂ ಮೂಗಿಗೆ ಏರುತ್ತದೆ. ಶಾಸಕರು ‘ಉದ್ಘಾಟನೆ’ಯೋ ‘ಘನ ಉಪಸ್ಥಿತಿ’ಯೋ? ಮಾಜಿ ಶಾಸಕರನ್ನು ‘ಮಾಜಿ’ ಎಂದರೆ ಬೇಸರಪಟ್ಟಾರೇ? ಉಪಾಧ್ಯಕ್ಷರ ಹೆಸರಿನ ಅಕ್ಷರ ಖಜಾಂಚಿಯದಕ್ಕಿಂತ ಸಣ್ಣದಾಗಿದೆ. ಸ್ಕೇಲು ತರಿಸಿ ಅಳೆಯಲಾಗುತ್ತದೆ. ಇಪ್ಪತ್ತು ವರ್ಷ ದುಡಿದ ತಮ್ಮ ಹೆಸರಿನ ಹಿಂದೆ ಬರೀ ‘ಶ್ರೀ’ ಇದೆಯೆಂದು ಒಬ್ಬರು ರಾಜೀನಾಮೆ ಕೊಡುತ್ತಾರೆ, ಉಪ್ಪಿಟ್ಟು ಬಂದಾಗ ಹಿಂತೆಗೆದುಕೊಳ್ಳುತ್ತಾರೆ. ಶಾಲು ಮೈಸೂರು ಪೇಟದೊಂದಿಗೋ ಗಂಧದ ಹಾರದೊಂದಿಗೋ ಎಂಬುದು ಇನ್ನೂ ಬಾಕಿಯಿದೆ.

ಹೊತ್ತು ಒಂಬತ್ತಾಗುತ್ತದೆ. ಅರ್ಧ ಮಂದಿ ಬಸ್ಸಿಗೆ ಎದ್ದಿರುತ್ತಾರೆ, ಉಳಿದವರು ಚಪ್ಪಲಿ ಹುಡುಕುತ್ತಿರುತ್ತಾರೆ. ಆಗ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ‘ಹಾಗೇ ಒಂದು ಸಣ್ಣ ವಿಚಾರ’ ಎನ್ನುತ್ತಾರೆ. ಆ ಸಣ್ಣ ವಿಚಾರ ಸಂಘದ ನಿವೇಶನ. ಯಾರಿಗೋ ಮೂವತ್ತು ವರ್ಷದ ಗುತ್ತಿಗೆ. ಸೂಚಕರು ಇವರು, ಅನುಮೋದಕರು ಅವರು, ತೀರ್ಮಾನ ಸರ್ವಾನುಮತ. ಕಾರ್ಯಸೂಚಿಯ ಇಡೀ ಕಸುಬು ಇಲ್ಲಿದೆ: ಮೇಲಿನ ಕಲಮುಗಳು ಜನರನ್ನು ದಣಿಸಲು, ಕೊನೆಯದು ದಣಿದವರಿಂದ ರುಜು ಹಾಕಿಸಲು.

ಬ್ಯಾಂಕಿನಿಂದ ನಿವೃತ್ತರಾದ ಹೆಂಗಸೊಬ್ಬರು ಇಂಥ ಸಮಿತಿಗೆ ಹೊಸದಾಗಿ ಬಂದರೆಂದುಕೊಳ್ಳಿ. ಅವರೊಂದು ಪಟ್ಟಿ ಬರೆದು ತರುತ್ತಾರೆ. ನಿವೇಶನದಂಥ ಭಾರದ ವಿಷಯ ಮೊದಲು, ತಲೆ ತಿಳಿಯಾಗಿರುವಾಗ. ತಕರಾರಿಲ್ಲದ ದಿನವಹಿ ಬಾಬತ್ತುಗಳಿಗೆಲ್ಲ ಸೇರಿಸಿ ಒಂದೇ ಸಲ ಒಪ್ಪಿಗೆ. ಪ್ರತಿ ವಿಷಯದ ಮುಂದೆ ಯಾರು ಮಂಡಿಸುತ್ತಾರೆ, ಏನು ತೀರ್ಮಾನವಾಗಬೇಕು, ಎಷ್ಟು ನಿಮಿಷ. ಕಾಗದಪತ್ರಗಳು ವಾರ ಮೊದಲೇ ಎಲ್ಲರ ಕೈಗೆ.

ಅಧ್ಯಕ್ಷರು ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡುತ್ತಾರೆ.

‘ಎಲ್ಲಾ ಸೇರಿ ಒಂದೂವರೆ ಗಂಟೆ ಅಂತ ಹಾಕಿದೀರಲ್ಲಮ್ಮಾ. ನನ್ನ ಪ್ರಾಸ್ತಾವಿಕ ನುಡಿಗೇ ನಲವತ್ತು ನಿಮಿಷ ಬೇಕು.’

‘ಯಾವ ವಿಷಯದ ಮೇಲೆ ಸಾರ್? ಬರ್ಕೋತೀನಿ.’

‘ಅದು ನಿಂತ ಮೇಲೆ ಹೊಳೆಯುತ್ತೆ.’