ಕೇಬಲ್ ಚಿಕ್ಕಪ್ಪ

ಮದುವೆಗೆ ಎಲ್ಲರೂ ಮುಯ್ಯಿ ಕವರು ಹಿಡಿದು ಬಂದರೆ, ಕೇಬಲ್ ಚಿಕ್ಕಪ್ಪ ಬರುವುದು ಹೆಗಲಿಗೆ ಒಂದು ಸುರುಳಿ ಕ್ಯಾಟ್ ಸಿಕ್ಸ್ ವೈರು ಏರಿಸಿಕೊಂಡು. ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿರುತ್ತದೆ, ಸೊಂಟದಲ್ಲಿ ಕ್ರಿಂಪಿಂಗ್ ಟೂಲ್ ಸಿಕ್ಕಿಸಿರುತ್ತದೆ. ಪ್ರತಿ ವಂಶದಲ್ಲೂ ಇಂಥವರೊಬ್ಬರು ಇರುತ್ತಾರೆ. ನಿಮ್ಮಲ್ಲಿ ಇಲ್ಲವೆಂದರೆ ಬೀಗರ ಕಡೆ ವಿಚಾರಿಸಿ.

ಈಗಿನ ಛತ್ರಗಳಲ್ಲಿ ಮಂಟಪ ಮೇಲೆ, ಊಟದ ಹಾಲ್ ನೆಲಮಾಳಿಗೆಯಲ್ಲಿ. ಮುಹೂರ್ತದ ಹೊತ್ತಿಗೆ ಅರ್ಧ ಬಳಗ ಮೊದಲ ಪಂಕ್ತಿಗೆ ಜಾಗ ಹಿಡಿಯಲು ಕೆಳಗಿಳಿದಿರುತ್ತದೆ. ಅವರಿಗೂ ತಾಳಿ ಕಟ್ಟುವುದು ಕಾಣಬೇಕಲ್ಲ! ವಿಡಿಯೋ ಹುಡುಗ, "ಕ್ಯಾಮೆರಾದಿಂದ ಟೀವಿಗೆ ನೇರವಾಗಿ ಎಚ್‌ಡಿಎಂಐ ಎಳೆದುಬಿಡೋಣ ಸಾರ್" ಎನ್ನುತ್ತಾನೆ. ಚಿಕ್ಕಪ್ಪನಿಗೆ ಬೇಕಾದದ್ದೇ ಅದು.

"ಮಾಮೂಲಿ ಎಚ್‌ಡಿಎಂಐ 10–15 ಮೀಟರ್ ದಾಟಿದರೆ ಕೈಕೊಡುತ್ತೆ ಕಣೋ. ಹೆಣ್ಣಿನ ಮುಖದ ಮೇಲೆ ಸಾಸಿವೆ ಸಿಡಿದ ಹಾಗೆ ಚುಕ್ಕಿ ಬರುತ್ತೆ. ಆಮೇಲೆ ಚಿತ್ರವೇ ಇರಲ್ಲ."

ಚೀಲದಿಂದ ಎರಡು ಡಬ್ಬಿ ಹೊರಬರುತ್ತವೆ. ಒಂದು ಕ್ಯಾಮೆರಾ ಪಕ್ಕ, ಇನ್ನೊಂದು ಟೀವಿ ಹಿಂದೆ, ನಡುವೆ ಹೆಗಲ ಮೇಲಿದ್ದ ಆ ನೆಟ್‌ವರ್ಕ್ ಕೇಬಲ್. ಮೇಲಿನದು ಚಿತ್ರ, ಸದ್ದು ಎರಡನ್ನೂ ನುಂಗಿ ಎಂಟು ಎಳೆಗಳೊಳಗೆ ತಳ್ಳುತ್ತದೆ, ಕೆಳಗಿನದು ಉಗುಳುತ್ತದೆ. 50–60 ಮೀಟರ್ ನಿರಾತಂಕ. ಎಚ್‌ಡಿಬೇಸ್‌ಟಿ ಎಂಬ ದುಬಾರಿ ಜಾತಿಯಾದರೆ 100 ಮೀಟರ್. ಅದರ ಹೆಸರನ್ನು ಚಿಕ್ಕಪ್ಪ ಕಾಶಿಗೆ ಹೋಗಿಬಂದವರ ದನಿಯಲ್ಲಿ ಹೇಳುತ್ತಾರೆ.

ವೈರು ಕೊಳ್ಳುವಾಗ ಅವರು ಚಿನ್ನದಂಗಡಿಯ ಅಜ್ಜಿ. ಬ್ಲೇಡಿನಿಂದ ಎಳೆಯನ್ನು ಕೆರೆಯುತ್ತಾರೆ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಅಂಗಡಿಯವನಿಗೆ ಅಲ್ಲೇ ಪೂಜೆ. ಎಳೆಗಳನ್ನು ಜೋಡಿಜೋಡಿಯಾಗಿ ಹುರಿ ಹೊಸೆದದ್ದೇಕೆ ಎಂದು ಕೇಳಬೇಡಿ. ಕೇಳಿದರೆ 1881ರಲ್ಲಿ ಗ್ರಹಾಂ ಬೆಲ್ ಪಡೆದ ಪೇಟೆಂಟ್‌ನಿಂದ ಶುರುವಾಗಿ, ಹೊರಗಿನ ವಿದ್ಯುತ್ ಗಲಾಟೆ ಎರಡೂ ಎಳೆಗೆ ಸಮನಾಗಿ ತಗುಲಿ ಕೊನೆಯಲ್ಲಿ ವಜಾ ಆಗುವ ಕಥೆ ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಅರ್ಧ ಇಂಚಿಗಿಂತ ಹೆಚ್ಚು ಹುರಿ ಬಿಚ್ಚಿದವನನ್ನು ಅವರು ಕ್ಷಮಿಸಿದ್ದು ನಾನು ಕಂಡಿಲ್ಲ.

ಅತ್ತ ಪುರೋಹಿತರು ಸಂಕಲ್ಪ ಹೇಳುತ್ತಿದ್ದರೆ ಇತ್ತ ಕಂಬದ ಹಿಂದೆ ಎಳೆಗಳನ್ನು ಬಣ್ಣದ ಕ್ರಮದಲ್ಲಿ ತುದಿಗೆ ಜೋಡಿಸುತ್ತ ಚಿಕ್ಕಪ್ಪನ ಮಂತ್ರ: "ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು." ಕಟಕ್!

ಇಷ್ಟಾದ ಮೇಲೆ ಯಾರಾದರೂ ಬಂದು, "ನೆಟ್ ಬಂತಾ ಮಾವ? ವೈಫೈ ಪಾಸ್‌ವರ್ಡ್ ಏನು?" ಎನ್ನಲೇಬೇಕು. ವೈರು ನೆಟ್ಟಿನದೇ, ತುದಿಯೂ ನೆಟ್ಟಿನದೇ, ಒಳಗೆ ಮಾತ್ರ ನೆಟ್ಟಿಲ್ಲ ಎಂದು ತಿಳಿಸುವುದು ಅದ್ವೈತ ತಿಳಿಸುವುದಕ್ಕಿಂತ ಕಷ್ಟ. ಒಮ್ಮೆ ನಾನೇ ಬುದ್ಧಿವಂತಿಕೆ ತೋರಿಸಿ ಆ ತುದಿಯನ್ನು ಛತ್ರದ ರೌಟರಿಗೆ ಚುಚ್ಚಿದ್ದೆ. ಚಿಕ್ಕಪ್ಪ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ.

ಕಳೆದ ಸಲ ದೂರ ಹೆಚ್ಚಿತ್ತೆಂದು, ಚಿತ್ರವನ್ನು ಹಿಂಡಿ ನೆಟ್‌ವರ್ಕ್ ಸ್ವಿಚ್ಚಿನ ಮೂಲಕವೇ ಕಳಿಸುವ ಬೇರೆ ಡಬ್ಬಿ ತಂದಿದ್ದರು. ಹಿಂಡುವುದಕ್ಕೂ ಬಿಡಿಸುವುದಕ್ಕೂ ಹೊತ್ತು ಬೇಕಲ್ಲ! ಗಟ್ಟಿಮೇಳ ಮೆಟ್ಟಿಲಿಳಿದು ತಾನೇ ಬಂದುಬಿಟ್ಟಿತು, ಪರದೆಯಲ್ಲಿ ಮಾತ್ರ ವರ ಇನ್ನೂ ತಾಳಿ ಎತ್ತುತ್ತಿದ್ದ. ಕಿವಿಗೆ ಮದುವೆಯಾಗಿತ್ತು, ಕಣ್ಣಿಗೆ ಆಗಿರಲಿಲ್ಲ. ಅಕ್ಷತೆ ಯಾವಾಗ ಹಾಕುವುದೆಂದು ತಿಳಿಯದೆ ಅಜ್ಜಿಯೊಬ್ಬರು ಎರಡೂ ಸಲ ಹಾಕಿದರು.

ಚಿಕ್ಕಪ್ಪ ಎರಡು ಮದುವೆಯನ್ನೂ ನೋಡಲಿಲ್ಲ. ಟೀವಿ ಹಿಂದೆ ಬಗ್ಗಿ, ಡಬ್ಬಿಯ ಹಸಿರು ದೀಪ ಮಿಣುಕುವುದನ್ನೇ ನೋಡುತ್ತಿದ್ದರು. ನಿಮ್ಮ ಮನೆಯ ಮದುವೆಗೂ ಅವರು ಬಂದೇ ಬರುತ್ತಾರೆ. ಕೊನೆಯ ಪಂಕ್ತಿಯಲ್ಲಿ ಅವರಿಗೊಂದು ಎಲೆ ಉಳಿಸಿ, ಹೋಳಿಗೆ ಎತ್ತಿಟ್ಟಿರಿ.