ಇಗ್ನಿಷನ್ ಆಫ್, ವೇಗ ಅರುವತ್ತು

ಇನ್ನಂಜೆಯಲ್ಲಿ ಹೊತ್ತಿನ ಲೆಕ್ಕ ಇಡುವವರಿಗೆ ಯಾವ ಕಾಲದಲ್ಲೂ ಬರ ಬಂದದ್ದಿಲ್ಲ. ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಕು ಹರಿಯುವಾಗಲೇ ಗಿಡದ ಬುಡದಲ್ಲಿ ಜನ ಇರುತ್ತಾರೆ. ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿದು ಶಂಕರಪುರಕ್ಕೆ ಮುಟ್ಟಿಸಬೇಕು. ತಡವಾದರೆ ಮೊಗ್ಗು ಬಿರಿಯುತ್ತದೆ, ಬಿರಿದದ್ದಕ್ಕೆ ರೇಟಿಲ್ಲ. ಹೂವು ಅರಳೀತು ಎಂದು ಇಷ್ಟು ಹೆದರುವ ಊರು ಬೇರೆ ಎಲ್ಲಿದೆಯೋ ನಾನು ಕಾಣೆ.

ಇನ್ನು ಬಸ್ಸಿನವರು. ಉಡುಪಿ ಮಂಗಳೂರು ಕಡೆಯ ಖಾಸಗಿ ಬಸ್ಸಿನ ಡ್ರೈವರು ಗಂಟೆಯಲ್ಲಿ ಯೋಚಿಸುವವನಲ್ಲ, ನಿಮಿಷದಲ್ಲಿ. ಅವನು ಎರಡು ನಿಮಿಷ ತಡ ಮಾಡಿದರೆ ಹಿಂದಿನ ಬಸ್ಸಿನವ ಹಾರನ್ ಹಾಕುತ್ತಾನೆ, ಮೂರು ನಿಮಿಷ ಆದರೆ ಇಳಿದೇ ಬರುತ್ತಾನೆ. ನಿಲ್ದಾಣದಲ್ಲಿ ಟೈಮ್ ಕೀಪರ್ ಎಂಬ ಧರ್ಮರಾಯ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ನಿಂತಿರುತ್ತಿದ್ದ. ಅವನ ಅಕ್ಷರದಲ್ಲಿ ಐದಕ್ಕೂ ಆರಕ್ಕೂ ಅಂಥ ವ್ಯತ್ಯಾಸ ಇರುತ್ತಿರಲಿಲ್ಲ. ಒಂದು ಚಾ, ಎರಡು ಗೋಳಿಬಜೆ ಆದ ಮೇಲೆ ಇನ್ನೂ ಕಮ್ಮಿ.

ಈ ಊರಲ್ಲಿ ಗಡಿಯಾರದ ಕಾಟವಿಲ್ಲದೆ ಬದುಕಿದ್ದವರೆಂದರೆ ಲಾರಿ ಡ್ರೈವರುಗಳು. ಮಲ್ಪೆಯಿಂದ ಕೇರಳಕ್ಕೆ ಮೀನು ಒಯ್ಯುವವರು, ಕೆಂಪುಕಲ್ಲು ಹೊರುವವರು, ಮರಳಿನ ಟಿಪ್ಪರಿನವರು, ಎಲ್ಲೂರಿನ ವಿದ್ಯುತ್ ಸ್ಥಾವರದ ಹಾರುಬೂದಿ ತುಂಬಿದ ಬಲ್ಕರ್ ಓಡಿಸುವವರು, ಇವರ ಟೈಮ್ ಬರೆಯಲು ಯಾವ ಕೀಪರೂ ಇರಲಿಲ್ಲ. ನಮ್ಮ ನೆರೆಮನೆಯ ಡ್ರೈವರಣ್ಣನ ಟ್ರಿಪ್ ಶೀಟನ್ನು ನಾನು ಹಿಂದೆ ನೋಡಿದ್ದುಂಟು. "ರಾತ್ರಿ ಹೊರಟೆ, ಬೆಳಿಗ್ಗೆ ಮುಟ್ಟಿದೆ" ಎಂಬ ಧಾಟಿಯ ಎರಡು ಸಾಲು, ಕೆಳಗೆ ಡೀಸೆಲಿನ ಲೆಕ್ಕ, ಪಕ್ಕದಲ್ಲಿ ಗ್ರೀಸಿನ ಹೆಬ್ಬೆಟ್ಟು. ರಾತ್ರಿಗೂ ಬೆಳಿಗ್ಗೆಗೂ ನಡುವೆ ಏನಾಯಿತು ಎಂಬುದು ಅವನಿಗೂ ದೇವರಿಗೂ ಬಿಟ್ಟ ವಿಷಯ. ಕಾಪುವಿನ ಮಾರಿಗುಡಿ ಹತ್ತಿರ ಗಾಡಿ ನಿಲ್ಲಿಸಿ ಕೈಮುಗಿದನೋ, ಪಡುಬಿದ್ರಿಯಲ್ಲಿ ಯಕ್ಷಗಾನ ಕಂಡು ಒಂದು ಪದ ಕೇಳಿ ಹೋಗುವ ಎಂದು ಇಳಿದು ಮಹಿಷಾಸುರ ಸಾಯುವ ತನಕ ಕೂತನೋ, ಯಾರು ಕೇಳುತ್ತಾರೆ?

ಕೇಳುವವರು ಬಂದರು. ಜಿಲ್ಲೆಯಲ್ಲಿ ಮರಳು ಸಾಗಿಸುವ ಗಾಡಿಗಳಿಗೆ ಜಿಪಿಎಸ್ ಕಡ್ಡಾಯವಾಯಿತು. ಮರಳು ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಇಲಾಖೆಗೆ ತಿಳಿಯಬೇಕಲ್ಲ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಲಾರಿ ಎಷ್ಟು ಹೊತ್ತಿಗೆ ಹೆಜಮಾಡಿ ಟೋಲ್ ದಾಟಿತು ಎಂಬ ಮೆಸೇಜು ಲಾರಿಗಿಂತ ಮೊದಲು ದಣಿಯ ಫೋನಿಗೆ ಮುಟ್ಟತೊಡಗಿತು. ಜಿಎಸ್‌ಟಿಯವರ ಇ-ವೇ ಬಿಲ್ಲಿಗೆ ಅದರದೇ ಆಯುಷ್ಯ: ಮೊದಲು 100 ಕಿಲೋಮೀಟರಿಗೆ ಒಂದು ದಿನ ಇದ್ದದ್ದು 2021ರಿಂದ 200 ಕಿಲೋಮೀಟರಿಗೆ ಒಂದು ದಿನ ಆಯಿತು. ಅಷ್ಟರೊಳಗೆ ಮುಟ್ಟದಿದ್ದರೆ ಕಾಗದಕ್ಕೆ ಪ್ರಾಣವಿಲ್ಲ.

ಡ್ರೈವರಣ್ಣನ ದಣಿಗೆ ಈ ಜಿಪಿಎಸ್ ಎಷ್ಟು ಇಷ್ಟವಾಯಿತೆಂದರೆ, ಕಡ್ಡಾಯವಿದ್ದ ಟಿಪ್ಪರಿಗೆ ಮಾತ್ರವಲ್ಲ, ಮುಂಬಯಿಗೆ ಹೋಗುವ ಲಾರಿಗೂ ಒಂದು ಹಾಕಿಸಿದರು. ಅಂದಿನಿಂದ ಅವರು ಟಿವಿ ನೋಡುವುದು ಬಿಟ್ಟರು. ಫೋನಿನ ನಕ್ಷೆಯಲ್ಲಿ ಹಸಿರು ಚುಕ್ಕಿ ಹೋದಂತೆ ಅವರ ಕಣ್ಣೂ ಹೋಗುತ್ತದೆ. ಚುಕ್ಕಿ ಕೆಂಪಾಯಿತೋ, ಕೂಡಲೇ ಫೋನು. "ಎಂತ ಮಾರಾಯ, ಕಟಪಾಡಿಯಲ್ಲಿ ನಿಂತದ್ದು?" "ದಣಿ, ಎದುರು ಮದುವೆ ದಿಬ್ಬಣ." "ದಿಬ್ಬಣವಾದರೆ ಇಷ್ಟು ಹೊತ್ತಾ?" "ನಾಸಿಕ್ ಬ್ಯಾಂಡ್ ಉಂಟು ದಣಿ." ಡ್ರೈವರಣ್ಣ ಫೋನನ್ನು ಕಿಟಕಿಯ ಹೊರಗೆ ಹಿಡಿದು ಸಾಕ್ಷಿ ಕೇಳಿಸಬೇಕಾಯಿತು. ನಾನು ತಪ್ಪಿ ಅವನ ಪರ ಮಾತಾಡಿದರೆ ದಣಿಯವರದು ಒಂದೇ ಉತ್ತರ: "ಮನುಷ್ಯ ಸುಳ್ಳು ಹೇಳಿಯಾನು ಮಾರಾಯ್ರೆ, ಜಿಪಿಎಸ್ ಹೇಳುವುದಿಲ್ಲ."

ಇಷ್ಟೆಲ್ಲ ಲೆಕ್ಕ ಯಾತಕ್ಕೆ ಎಂದು ನಾನು ಒಂದು ಸಲ ಕೂತು ಯೋಚಿಸಿದೆ. ಜಿಪಿಎಸ್ಸಿಗೆ ಮರಳಿನ ಚಿಂತೆ, ಫಾಸ್ಟ್ಯಾಗಿಗೆ ಟೋಲಿನ ಚಿಂತೆ, ಇ-ವೇ ಬಿಲ್ಲಿಗೆ ತೆರಿಗೆಯ ಚಿಂತೆ. ಸ್ಟೇರಿಂಗ್ ಹಿಡಿದವನಿಗೆ ನಿದ್ದೆ ಆಗಿದೆಯೋ ಇಲ್ಲವೋ ಎಂಬ ಚಿಂತೆಯ ಮೆಷಿನ್ ಒಂದೂ ಇಲ್ಲ. ಕಾನೂನು ಇಲ್ಲವೆಂದಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದದ್ದು 1961ರಲ್ಲಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ದೂರದ ದಾರಿಯಾದರೆ ಸ್ವಲ್ಪ ಹೆಚ್ಚು. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಈಗ ಅದನ್ನು 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಿದ್ದಾರೆ. ಆದರೆ ಆ ಕಾಯಿದೆ ಲೆಕ್ಕಕ್ಕೆ ಹಿಡಿದದ್ದು ಐದು ಮಂದಿಯಾದರೂ ಕೆಲಸಕ್ಕಿರುವ ಸಂಸ್ಥೆಯನ್ನು. ನಮ್ಮ ದಣಿಯವರ ಹತ್ತಿರ ಎರಡು ಗಾಡಿ, ಇಬ್ಬರು ಡ್ರೈವರು, ಇಬ್ಬರು ಕ್ಲೀನರು. ಒಬ್ಬ ಕ್ಲೀನರ್ ಕಡಿಮೆಯಾದ ಕಾರಣ ಕಾನೂನು ಇನ್ನಂಜೆಯ ಗಡಿಯಲ್ಲೇ ನಿಂತಿತು.

ಹೊರದೇಶಗಳಲ್ಲಿ ಹಾಗಲ್ಲ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ಟ್ಯಾಕೋಗ್ರಾಫ್ ಎಂಬ ಯಂತ್ರ ಅದನ್ನು ಬರೆದಿಡುತ್ತದೆ. ಅಮೆರಿಕದಲ್ಲಿ 11 ಗಂಟೆಯ ಮಿತಿ. 2017ರ ಡಿಸೆಂಬರಿನಿಂದ ಕೈಬರಹದ ಲಾಗ್ ಪುಸ್ತಕ ಹೋಗಿ ಎಂಜಿನ್ನಿಗೇ ಜೋಡಿಸಿದ ಮೆಷಿನ್ ಬಂತು. ಅಲ್ಲಿಯ ಡ್ರೈವರುಗಳು ಅದಕ್ಕೂ ಗೊಣಗಿದರು: ಲೋಡಿಂಗಿಗೆ ಕಾದು ಕಾದು ಅರ್ಧ ದಿನ ಹೋದರೂ ಗಡಿಯಾರ ನಿಲ್ಲುವುದಿಲ್ಲ, ಗಂಟೆ ಮುಗಿದ ಜಾಗದಲ್ಲಿ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ ಎಂದು. ನಮ್ಮಲ್ಲೂ 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ವಿಮಾನದ ಪೈಲಟರಿಗಿರುವಂತೆ ಲಾರಿ ಚಾಲಕರಿಗೂ ಗಂಟೆ ನಿಗದಿಯಾಗಬೇಕು, ನಿದ್ದೆ ಹತ್ತಿದರೆ ಗುರುತಿಸುವ ಸೆನ್ಸರ್ ಬೇಕು ಎಂದಿದ್ದರು. ಡ್ರೈವರಣ್ಣನಿಗೆ ಹೇಳಿದೆ. "ನಿದ್ದೆ ಬಂದದ್ದು ನನಗೇ ಗೊತ್ತಾಗುತ್ತದೆ ಮಾರಾಯ್ರೆ," ಎಂದ. "ಮಲಗಲು ಬಿಡುವ ಮೆಷಿನ್ ಉಂಟಾ ಕೇಳಿ."

ಅಂಥದ್ದೊಂದು ಉಂಟು, ಅದು ನಮ್ಮ ಊರ ಮೇಲೆಯೇ ಹೋಗುತ್ತದೆ. ಕೊಂಕಣ ರೈಲ್ವೆಯವರು 1999ರಲ್ಲಿ ಸುರು ಮಾಡಿದ ರೋರೋ ರೈಲು. ಸುರತ್ಕಲ್ಲಿನಲ್ಲಿ ಲಾರಿಗಳು ತಾವಾಗಿಯೇ ವ್ಯಾಗನ್ ಹತ್ತಿ ನಿಲ್ಲುತ್ತವೆ, ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿದು ಓಡುತ್ತವೆ. ನಡುವೆ ಹೆಚ್ಚುಕಮ್ಮಿ ಒಂದು ಹಗಲು ಒಂದು ರಾತ್ರಿ ಡ್ರೈವರು ತನ್ನ ಕ್ಯಾಬಿನ್ನಿನಲ್ಲೇ ಕಾಲು ಚಾಚಿ ಮಲಗಬಹುದು. ಘಟ್ಟವಿಲ್ಲ, ಗುಂಡಿಯಿಲ್ಲ, ಡೀಸೆಲಿಲ್ಲ.

ಡ್ರೈವರಣ್ಣ ಹಾಗೆ ಹೋದ ದಿನ ಚುಕ್ಕಿ ನೋಡುವ ಪಾಳಿ ದಣಿಯವರ ಮಗನದು. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವ. ರೈಲಿನ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ. ಫೋನು ಬೊಬ್ಬೆ ಹೊಡೆಯಿತು: ಇಗ್ನಿಷನ್ ಆಫ್, ವೇಗ ಅರುವತ್ತು. ನೋಡುತ್ತಿದ್ದಂತೆ ಲಾರಿ ಹೆದ್ದಾರಿ ಬಿಟ್ಟು ಗದ್ದೆ, ತೋಟ, ಹೊಳೆ ಯಾವುದನ್ನೂ ಲೆಕ್ಕಿಸದೆ ನೆಟ್ಟಗೆ ಬಂದು ಇನ್ನಂಜೆಯಲ್ಲಿ ನಿಂತಿತು. ಒಂಟಿ ಹಳಿಯಲ್ಲವೇ, ಎದುರಿನ ಗಾಡಿಗೆ ದಾರಿ ಬಿಡಲು ಇಲ್ಲಿ ನಿಲ್ಲಿಸಿದ್ದರು. ಹುಡುಗ ಫೋನು ಮಾಡಿ, "ಮುಂಬಯಿಗೆ ಹೊರಟವ ಮನೆಗೆ ಹೋಗಿದ್ದೀಯಾ? ಲಾರಿ ಯಾರೋ ಎಳೆದುಕೊಂಡು ಹೋಗುತ್ತಿದ್ದಾರೆ!" ಎಂದ. ಡ್ರೈವರಣ್ಣ ಆಕಳಿಸುತ್ತಾ, "ಹೌದು ಸಣ್ಣ ದಣಿ. ಸರಕಾರದವರೇ ಎಳೆದುಕೊಂಡು ಹೋಗುತ್ತಿದ್ದಾರೆ. ನಾನು ಮಲಗಿದ್ದೆ" ಎಂದನಂತೆ.

ಆ ನಿದ್ದೆಯಲ್ಲಿ ಅವನಿಗೆ ಜ್ಞಾನೋದಯವಾಗಿರಬೇಕು. ಗಾಡಿ ಓಡಿದಾಗಲೆಲ್ಲ ಡ್ರೈವರು ದುಡಿದಿರುವುದಿಲ್ಲ, ಗಾಡಿ ನಿಂತಾಗಲೆಲ್ಲ ಅವನು ಮಲಗಿರುವುದೂ ಇಲ್ಲ. ಆದರೆ ಇಗ್ನಿಷನ್ ಆನ್ ಇದ್ದು ವೇಗವೂ ಇದ್ದರೆ ಸ್ಟೇರಿಂಗ್ ಹಿಂದೆ ಒಬ್ಬ ಎಚ್ಚರವಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಊರಿಗೆ ಬಂದವನು ಸಣ್ಣ ದಣಿಯ ಕೈಕಾಲು ಹಿಡಿದು ತನ್ನ ಫೋನಿಗೂ ಅದೇ ಆ್ಯಪ್ ಹಾಕಿಸಿಕೊಂಡ.

ತಿಂಗಳ ಲೆಕ್ಕದ ದಿನ ನಾನು ದಣಿಯವರ ಜಗಲಿಯಲ್ಲೇ ಇದ್ದೆ. ಬತ್ತೆ ಎಣಿಸಿ ಕೊಟ್ಟು ಅವರು, "ಮಧ್ಯಾಹ್ನ ಒಂದು ಲೋಡ್ ಉಂಟು, ಹೊರಡು" ಎಂದರು. ಡ್ರೈವರಣ್ಣ ಫೋನು ತೆಗೆದು ಮುಂದೆ ಹಿಡಿದ. "ದಣಿ, ನಿನ್ನೆ ರಾತ್ರಿ ಹತ್ತರಿಂದ ಇವತ್ತು ಬೆಳಿಗ್ಗೆ ಆರರ ತನಕ ಹಸಿರು ಚುಕ್ಕಿ. ಎಂಟು ಗಂಟೆ. ಅರ್ಧ ಗಂಟೆಯ ಕೆಂಪು ಒಂದೂ ಇಲ್ಲ. ಈ ಲೋಡಿಗೆ ಇನ್ನೊಬ್ಬನನ್ನು ನೋಡಿ."

ದಣಿಯವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, ಬಹಳ ದಿನದಿಂದ ತಿಳಿದಿದ್ದ ಗುಟ್ಟು ಹೇಳುವವರ ಹಾಗೆ ಹೇಳಿದರು:

"ಈ ಜಿಪಿಎಸ್ಸನ್ನೂ ಪೂರ್ತಿ ನಂಬಲಿಕ್ಕಾಗುವುದಿಲ್ಲ ಮಾರಾಯ್ರೆ. ಒಮ್ಮೊಮ್ಮೆ ಸ್ವಲ್ಪ ಹೆಚ್ಚು ತೋರಿಸುತ್ತದೆ."