ಕ್ವಾರಿಯಾತ್ರೆ

ಮದುವೆಯ ದಿನ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟ ನಮ್ಮನೆಯವರನ್ನು ನಮ್ಮಪ್ಪ ತಡೆದು ವಾಪಸ್ ಕರೆತಂದರಲ್ಲ, ಅಲ್ಲೇ ಎಡವಟ್ಟಾಯಿತು. ಆವತ್ತಿನ ಬಾಕಿಯನ್ನು ಇವರು ಪ್ರತಿ ರಜೆಯಲ್ಲೂ ನನ್ನನ್ನು ಕಾರಿಗೆ ತುಂಬಿಕೊಂಡು ತೀರಿಸುತ್ತಿದ್ದಾರೆ. ಹೋಗುವುದು ಮಾತ್ರ ಕಾಶಿಗಲ್ಲ, ಕ್ವಾರಿಗೆ, ಇಲ್ಲವೇ ಕಾರ್ಖಾನೆಗೆ!

ಮೈಸೂರಿಗೆ ಹೋದವರು ಅರಮನೆ ನೋಡುತ್ತಾರೆ. ನಾವು 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಗೆ ರಸ್ತೆಯಲ್ಲೇ ನಿಂತು ಕೈಮುಗಿದು ಬಂದೆವು. ‘1962ರಿಂದ ದೇಶದ ವೋಟಿನ ಬೆರಳಿಗೆಲ್ಲ ಇಲ್ಲಿನ ಶಾಯಿ ಕಣೇ’ ಎನ್ನುವಾಗ ಇವರ ಕಣ್ಣಲ್ಲಿ ಭಕ್ತಿ.

ಈ ಡಿಸೆಂಬರಿನಲ್ಲಿ ಇಳಕಲ್ ಅಂದಾಗ ನಾನು ಒಂದೇ ಮಾತಿಗೆ ಒಪ್ಪಿದೆ. ಕಣ್ಣ ಮುಂದೆ ಕೆಂಪು ಸೆರಗು ಹಾದುಹೋಗಿತ್ತು. ಊರು ಬಂತು, ಸೀರೆ ಅಂಗಡಿಯೂ ಬಂತು, ಕಾರು ಮಾತ್ರ ನಿಲ್ಲಲಿಲ್ಲ.

‘ರೀ, ಸೀರೆ?’

‘ಕೆಂಪು ತಾನೇ ಬೇಕು? ನೋಡು’ ಎಂದು ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆ ತೋರಿಸಿದರು. ವಜ್ರದ ಹರಳು ಕೂರಿಸಿದ ಮಣಿಗಳನ್ನು ಪೋಣಿಸಿದ ಉಕ್ಕಿನ ಹಗ್ಗವೊಂದು, ಮೇಲೆ ನೀರು ಬಿಡುತ್ತಿರುವಾಗ, ಆ ಬಂಡೆಯನ್ನು ನಾವು ಬಾರ್ ಸೋಪನ್ನು ದಾರದಲ್ಲಿ ಕೊಯ್ಯುವಂತೆ ಕೊಯ್ಯುತ್ತಿತ್ತು. ನಾನು ಬರಿಗೊರಳು ಸವರಿಕೊಂಡೆ. ಬಂಡೆಗಿರುವ ವಜ್ರದ ಯೋಗ ನನಗಿಲ್ಲ.

ರಾತ್ರಿ ಟೆಂಟು. ಕೆಳಗೂ ಕಲ್ಲೇ, ಗೂಟ ಇಳಿಯಲೊಲ್ಲದು. ಹಗ್ಗವನ್ನು ಕಾರಿನ ಚಕ್ರಕ್ಕೆ ಬಿಗಿಯುತ್ತಿದ್ದಾಗ ಹುಡುಗನೊಬ್ಬ ಬಂದು, ‘ಸರ್ಕಸ್ ಬಂದೈತೇನ್ರಿ? ಆನಿ ಎಲ್ಲೈತಿ?’ ಅಂದ. ನಾನು ಮಾತಾಡದೆ ಇವರ ಕಡೆ ಕೈ ತೋರಿಸಿದೆ. ಹಟ ಹಿಡಿದು ಸಂಜೆ ಕೊಂಡಿದ್ದ ಸೀರೆಯನ್ನು ಚಳಿಗೆ ಇಬ್ಬರೂ ಹೊದ್ದು ಮಲಗಿದೆವು. ಕಂಬಳಿ ತರುವುದು ಇವರ ಪಾಲಿನ ಕೆಲಸವಾಗಿತ್ತು.

ಮುಂದಿನ ಕ್ಷೇತ್ರ ಶಹಾಬಾದ್. ಒಂದು ಕಾಲದ ಸಮುದ್ರದ ತಳ ಅದು. ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಗಿದೆ. ಹಾಗಾಗಿ ಹಾರೆ ಹಾಕಿ ಮೀಟಿದರೆ ಚಿರೋಟಿಯ ಪದರದಂತೆ ಹಾಸು ಎದ್ದು ಬರುತ್ತದೆ. ಇದೇ ಜಾತಿಯ ಕಲ್ಲು ವಾಡಿ, ಸೇಡಂ ಕಡೆ ಗೂಡಿಗೆ ಬಿದ್ದು ಸಿಮೆಂಟಾಗುತ್ತದೆ. ನೆಲದ ಪರಸಿ, ಅದನ್ನು ಹಿಡಿದಿಡುವ ಸಿಮೆಂಟು ಎರಡೂ ಒಂದೇ ತಾಯಿಯ ಮಕ್ಕಳು. ಒಬ್ಬ ಮಗ ಬೆಂಕಿಗೆ ಬಿದ್ದ, ಇನ್ನೊಬ್ಬ ನಮ್ಮ ಕಾಲಿಗೆ ಬಿದ್ದ, ಅಷ್ಟೆ.

ಅಲ್ಲೊಬ್ಬರು ಹಿರಿಯರು ಹಾಸುಗಲ್ಲೊಂದನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟರು. ‘ಕೇಳ್ರಿ ಅಕ್ಕೋರ, ಟಣ್ ಅಂದ್ರ ಛಲೋ ಕಲ್ಲು. ಬದ್ ಅಂದ್ರ ಒಳಗ ಬಿರುಕು ಅದ.’ ಸಂತೆಯಲ್ಲಿ ಮಡಕೆ ಬಡಿದು ಕೊಳ್ಳುವ ನನಗೆ ಈ ಶಾಸ್ತ್ರ ತಕ್ಷಣ ಹಿಡಿಸಿತು. ಸುತ್ತಿಗೆ ಇಸಿದುಕೊಂಡು ಹತ್ತು ಹಾಸು ಬಡಿದೆ. ‘ಹೊರಡೋಣವಾ?’ ಎಂದು ಇವರೇ ಮೂರು ಸಲ ಕೇಳಬೇಕಾಯಿತು.

ಬೀದರಿನಲ್ಲಿ ಬಿದರಿ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಾಯಿಸಿದರೆ ಲೋಹವೆಲ್ಲ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಆ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ ಎಂದು ಕೇಳಿದ್ದೇ ತಡ, ಇವರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ನನ್ನ ಸಾರಿಗೆ ಉಪ್ಪು ಜಾಸ್ತಿ ಎನ್ನುವ ಬಾಯಿ, ಆ ಮಣ್ಣಿಗೆ ಒಂದು ಕೊಂಕೂ ತೆಗೆಯಲಿಲ್ಲ!

ಮೊನ್ನೆ ನಾದಿನಿಯ ಮನೆ ಗೃಹಪ್ರವೇಶ. ಹಾಲಿನ ಇಟಾಲಿಯನ್ ಮಾರ್ಬಲನ್ನು ಎಲ್ಲರೂ ಹೊಗಳುತ್ತಿದ್ದರು. ನಾನು ಹಿತ್ತಲ ಬಚ್ಚಲ ಬಳಿ ಕುಕ್ಕರಗಾಲಲ್ಲಿ ಕೂತು ಸೌಟಿನಿಂದ ಶಹಾಬಾದ್ ಕಲ್ಲು ಬಡಿಯುತ್ತಿದ್ದೆ. ಟಣ್, ಟಣ್, ಬದ್. ‘ವಾಸ್ತು ನೋಡ್ತಿದ್ದಾರೆ’ ಎಂದು ಯಾರೋ ಪಿಸುಗುಟ್ಟಿದರು. ತಲೆಯೆತ್ತಿದರೆ ಬಾಗಿಲಲ್ಲಿ ಇವರು, ಶಿಷ್ಯೆಗೆ ದೀಕ್ಷೆ ಕೊಟ್ಟ ಗುರುವಿನ ಗತ್ತಿನಲ್ಲಿ ನಿಂತಿದ್ದಾರೆ.

‘ಮೂರನೇದು ಇನ್ನೊಂದ್ಸಲ ಬಡಿ’ ಅಂದರು.